ಕಾಪಿ ಅಕ್ಕನ ಏಳು ರಟ್ಟುಗಳು

ದಾಖಲೆ ಕಚೇರಿಯ ಕಾಪಿ ಅಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇಲ್ಲದಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಅದು ಭದ್ರವಾಗಿ ಕೂತಿತ್ತು. ಆದರೆ ಹತ್ತೊಂಬತ್ತು ವರ್ಷ ಒಂದೇ ಜೆರಾಕ್ಸ್ ಮೆಷಿನ್ನಿನ ಪಕ್ಕ ನಿಂತವಳಿಗೆ ಹೆಸರಾದರೂ ಎಲ್ಲಿ ಉಳಿಯುತ್ತದೆ ಹೇಳಿ? ಮನೆಪತ್ರ ಕಳೆದುಕೊಂಡವರು, ಮಗುವಿನ ಜನನಪತ್ರ ಬೇಕಾದವರು, ತೀರಿಹೋದ ಅಣ್ಣನ ಸಹಿ ಹುಡುಕಿಕೊಂಡು ಬಂದವರು, ಎಲ್ಲರಿಗೂ ಕಿಟಕಿಯ ಗುಮಾಸ್ತ ಒಂದೇ ಮಾತು ಹೇಳುತ್ತಿದ್ದ: "ಒಳಗೆ ಹೋಗಿ, ಕಾಪಿ ಅಕ್ಕ ಕೊಡ್ತಾರೆ." ಕೊನೆಗೆ ಅವಳ ಗಂಡನೂ ಮುನಿಸು ಬಂದಾಗ "ಏನಮ್ಮಾ ಕಾಪಿ ಅಕ್ಕಾ" ಎನ್ನಲು ಕಲಿತಿದ್ದ.

ಮೆಷಿನ್ನೂ ಅಷ್ಟಿಷ್ಟರದಲ್ಲ. ಒಳಕೋಣೆಯ ಅರ್ಧ ಜಾಗ ಅದಕ್ಕೇ ಬೇಕು. ಬೆಳಿಗ್ಗೆ ಸ್ವಿಚ್ ಹಾಕಿದರೆ ಬಿಸಿಯಾಗಲು ಆರು ನಿಮಿಷ. ಅಷ್ಟು ಹೊತ್ತೂ ನೆಗಡಿಯಾದ ಎಮ್ಮೆಯಂತೆ ಬುಸುಗುಡುತ್ತದೆ. ಅದನ್ನು ಮಾಡಿದ ಕಂಪನಿ ಆ ಮಾದರಿ ನಿಲ್ಲಿಸಿ ಹನ್ನೊಂದು ವರ್ಷವಾಯಿತು, ಬಿಡಿಭಾಗ ಕೇಳಿದರೆ ಫೋನಿನಲ್ಲೇ ನಗುತ್ತಾರೆ. ಆದರೆ ಆ ಕಚೇರಿಯ ಹಳೇ ದಾಖಲೆ ಪುಸ್ತಕಗಳು ಒಂದೊಂದೂ ದಿಂಬಿನಷ್ಟು ದಪ್ಪ. ಅವುಗಳ ಬೆನ್ನು ಮುರಿಯದ ಹಾಗೆ ಮಲಗಿಸುವಷ್ಟು ಅಗಲದ ಗಾಜು ಇದ್ದದ್ದು ಇದೊಂದಕ್ಕೇ. ಹಾಗಾಗಿ ಅಕ್ಕ ಅದರ ವೈಯಾರವನ್ನೆಲ್ಲ ಸಹಿಸಿಕೊಂಡಿದ್ದಳು. ಸಹಿಸಿಕೊಂಡು ಸುಮ್ಮನೆ ಕೂರುವ ಜಾಯಮಾನ ಮಾತ್ರ ಅವಳದಲ್ಲ. ಕಾಗದ ಓರೆಯಾಗಿ ಬಂತೋ, ರಟ್ಟಿನ ಚೂರೊಂದನ್ನು ಮಡಿಸಿ ಎಲ್ಲೋ ಸಿಕ್ಕಿಸುತ್ತಿದ್ದಳು. ಬಾಗಿಲು ಲಟಲಟ ಅಂತೋ, ಇನ್ನೊಂದು ಚೂರು. ಮೆಷಿನ್ ಒಂದಷ್ಟು ದಿನ ತೆಪ್ಪಗಿರುತ್ತಿತ್ತು. ರಿಪೇರಿಗೆ ಬಂದವರ ಮುಂದೆ ಮಾತ್ರ ಈ ವಿಷಯಕ್ಕೆ ಬಾಯಿಗೆ ಬೀಗ.

ಹೀಗೇ ನಡೆದುಕೊಂಡು ಹೋಗುತ್ತಿದ್ದಾಗ ಮೇಲಿನ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಹದಿನೈದು ವರ್ಷ ದಾಟಿದ ಮೆಷಿನ್ನುಗಳನ್ನೆಲ್ಲ ಪರೀಕ್ಷೆ ಮಾಡಬೇಕು. ಒಂದೇ ಓಟಕ್ಕೆ ಐವತ್ತು ಹಾಳೆ ಬರಬೇಕು, ನಡುವೆ ಒಂದೂ ಸಿಕ್ಕಿಕೊಳ್ಳಬಾರದು. ಪಾಸಾದರೆ ಉಳಿಯಿತು. ಇಲ್ಲದಿದ್ದರೆ ಮೆಷಿನ್ ಗುಜರಿಗೆ, ಅದನ್ನು ನೋಡಿಕೊಳ್ಳುವವರು ಊರಾಚೆಯ ಕೇಂದ್ರ ಉಗ್ರಾಣಕ್ಕೆ ವರ್ಗ. ಮ್ಯಾನೇಜರ್ ಇದನ್ನು ಓದಿ ಹೇಳಿದಾಗ ಅಕ್ಕ ಅದನ್ನು ಇಸಿದುಕೊಂಡು ಇನ್ನೆರಡು ಸಲ ಓದಿದಳು.

ಮೆಷಿನ್ ಮೇಲಿನ ಮೋಹದಿಂದ ಅಂದುಕೊಳ್ಳಬೇಡಿ. ಕಬ್ಬಿಣದ ಡಬ್ಬಕ್ಕಾಗಿ ಅಳುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. ಅವಳ ಮನೆ ಕಚೇರಿಯಿಂದ ಏಳು ನಿಮಿಷದ ದಾರಿ, ಆ ಮನೆಯಲ್ಲಿ ಗಂಡನಿದ್ದ. ಬಸ್ ಡಿಪೋದಲ್ಲಿ ಟೈರು ಬದಲಿಸುತ್ತಿದ್ದ ಗಟ್ಟಿ ಆಳು, ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಮುಖ ತೊಳೆಯುತ್ತಾ ತೊಳೆಯುತ್ತಾ ಕುಸಿದುಬಿದ್ದಿದ್ದ. ಲಕ್ವ ಹೊಡೆದಿತ್ತು. ಮಾತು ಮೂರು ತಿಂಗಳಿಗೆ ಮರಳಿತು. ಕಾಲು ಕೋಲು ಹಿಡಿದು ಬಚ್ಚಲಿನವರೆಗೆ ಹೋಗುವಷ್ಟು ಬಂತು. ಬಲಗೈ ಬರಲೇ ಇಲ್ಲ. ಒಂದು ಗಂಟೆಗೆ ಊಟದ ಬಿಡುವು ಸಿಕ್ಕಿದ್ದೇ ತಡ ಅಕ್ಕ ಮನೆಗೆ ಓಡುತ್ತಿದ್ದಳು. ತಟ್ಟೆಗೆ ಹಾಕಿ, ತುತ್ತು ಕೊಟ್ಟು, ಬಾಯೊರೆಸಿ, ತಾನೂ ನಾಲ್ಕು ತುತ್ತು ನುಂಗಿ, ಒಂದೂವರೆಗೆ ಮತ್ತೆ ಮೆಷಿನ್ ಮುಂದೆ ಹಾಜರ್. ಉಗ್ರಾಣವೆಂದರೆ ಎರಡು ಬಸ್ಸು, ಒಂದೂವರೆ ಗಂಟೆ ದಾರಿ. ಮಧ್ಯಾಹ್ನ ಅವನ ಬಾಯಿಗೆ ತುತ್ತಿಡುವವರು ಯಾರು? ಮಗಳಿದ್ದಾಳೆ, ಬೇರೆ ಊರಲ್ಲಿ, ಕೈಕೂಸು ಕಟ್ಟಿಕೊಂಡು. ಪಕ್ಕದ ಮನೆಯಾಕೆ ಒಂದು ದಿನ ನೋಡಿಯಾಳು, ಎರಡು ದಿನ ನೋಡಿಯಾಳು. ಅಲ್ಲದೆ ಬೇರೆಯವರ ಕೈಯಲ್ಲಿ ತಿನ್ನುವುದೆಂದರೆ ಅವನಿಗೆ ಜೀವ ಹೋದ ಹಾಗೆ.

ಪರೀಕ್ಷೆ ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಗೊತ್ತಾಗಿತ್ತು. ಅದೇ ಬುಧವಾರ ಬೆಳಿಗ್ಗೆ ಹತ್ತೂವರೆಗೆ ಮೆಷಿನ್ ಹೊಟ್ಟೆಯೊಳಗೆ ಕಟಕ್ ಅಂದಿತು. ಬೇರೆ ದಿನವೇ ಸಿಗಲಿಲ್ಲವೇ ಈ ಶನಿಗೆ! ಆಮೇಲೆ ಟಕ್, ಟಕ್, ಟಕ್. ಹಾಳೆ ಹೊರಬರುವ ಬಾಯಿಯಲ್ಲೇ ಮುದುಡಿಕೊಂಡು, ಬೀಸಣಿಗೆಯ ಹಾಗೆ ಮಡಿಕೆ ಮಡಿಕೆಯಾಗಿ ನಿಂತಿತು. ಎಳೆದು ತೆಗೆದಳು. ಮತ್ತೊಂದು ಬಿಟ್ಟಳು, ಅದೂ ಬೀಸಣಿಗೆ. ಅವಳು ರಿಪೇರಿ ಮಾವನಿಗೆ ಫೋನ್ ಮಾಡಿದಳು.

"ಮಾವ, ಎಲ್ಲಿದ್ದೀರಾ?"

"ಎಲ್ಲಿರ್ತೀನಿ ತಾಯಿ, ಮನೇಲಿ. ಅಂಗಡಿ ಮುಚ್ಚಿ ವರ್ಷ ಆಯ್ತಲ್ಲ. ಕೈ ನಡುಗತ್ತೆ ಅಂತ ಗೊತ್ತಲ್ಲ ನಿಂಗೆ."

"ಕೈ ನಡುಗಿದ್ರೆ ನಡುಗ್ಲಿ, ಕಿವಿ ನಡುಗಲ್ವಲ್ಲ? ಬೇಗ ಬನ್ನಿ."

ಆ ಮೆಷಿನ್ ಕಚೇರಿಗೆ ಬಂದ ದಿನದಿಂದ ಅದರ ವೈದ್ಯ ಈತನೇ. ಎಲ್ಲರ ಬಾಯಲ್ಲೂ ರಿಪೇರಿ ಮಾವ. ಹಿಂದಿನ ಬೀದಿಯವನು, ಕಾಲು ಗಂಟೆಯಲ್ಲಿ ಹಳೇ ಬಿಸ್ಕತ್ತಿನ ಡಬ್ಬಿ ಕಂಕುಳಲ್ಲಿ ಹಿಡಿದು ಬಂದ. ಆ ಡಬ್ಬಿಯೇ ಅವನ ಆಯುಧಶಾಲೆ. ಬಂದವನು ಮೆಷಿನ್ ಮುಟ್ಟಲಿಲ್ಲ. ಬಗ್ಗಿ, ಅದರ ಪಕ್ಕೆಗೆ ಕಿವಿ ಒತ್ತಿ, ಕಣ್ಣು ಮುಚ್ಚಿಕೊಂಡ.

"ಓಡ್ಸು. ಹಾಂ. ನಿಲ್ಸು. ಹಲ್ಲು ಹೋಗಿದೆ."

ಪಕ್ಕದ ಮುಚ್ಚಳ ತೆಗೆದು ನೋಡಿದರೆ ಮಾತು ಸುಳ್ಳಾಗಿರಲಿಲ್ಲ. ಹಾಳೆಯನ್ನು ಹೊರಗೆ ಎಳೆಯುವ ರೋಲರಿನ ತುದಿಯಲ್ಲಿ ಬಾಟಲಿ ಮುಚ್ಚಳದಷ್ಟು ಗೇರ್ ಒಂದಿತ್ತು, ಬಿಳಿ ಪ್ಲಾಸ್ಟಿಕ್ಕಿನದು. ಅದರಲ್ಲಿ ಅಕ್ಕಪಕ್ಕದ ಎರಡು ಹಲ್ಲು ಮುರಿದು ಬಿದ್ದಿದ್ದವು. ಉಳಿದವೂ ಒಂದು ಕಡೆಗೆ ಸವೆದಿದ್ದವು. ಮಾವ ತನ್ನ ನಾಲ್ಕೇ ಹಲ್ಲಿನ ಬಾಯಿ ತೆರೆದು ನಕ್ಕ.

"ನಂದೂ ಇದೇ ಕಥೆ ನೋಡು."

"ನಗ್ಬೇಡಿ ಮಾವ. ಹೊಸಾದು ಸಿಗಲ್ವಾ?"

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ನನ್ ಅಂಗಡೀಲಿ ಇಂಥವು ಮೂರಿದ್ವು. ಮುಚ್ಚುವಾಗ ಇನ್ಯಾರಿಗೆ ಬೇಕು ಅಂತ ಗುಜರಿಗೆ ಹಾಕ್ಬಿಟ್ಟೆ."

ಅಷ್ಟರಲ್ಲಿ ಮ್ಯಾನೇಜರ್ ಬಾಗಿಲಲ್ಲಿ ತಲೆ ಹಾಕಿದ. ಕೆಟ್ಟವನಲ್ಲ, ಪಾಪ. ಎದುರಿನವರಿಗೆ ಎಲ್ಲಿ ನೋಯುತ್ತದೆ ಎಂಬುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅವನ ಕಣ್ಣಿಗೆ ಕಾಣುತ್ತಿತ್ತು.

"ಬಿಡೀಮ್ಮ, ಎಷ್ಟು ಅಂತ ಒದ್ದಾಡ್ತೀರಾ? ಉಗ್ರಾಣದಲ್ಲಿ ಕೆಲಸಾನೂ ಕಮ್ಮಿ, ತಲೆ ಮೇಲೆ ಫ್ಯಾನೂ ಇದೆ."

"ಫ್ಯಾನ್ ಇಟ್ಕೊಂಡು ನಾನೇನ್ ಸಾರ್ ಮಾಡ್ಲಿ?" ಅಕ್ಕನ ದನಿ ಅವಳಿಗೇ ಗೊತ್ತಿಲ್ಲದೆ ಏರಿತು. "ಮೂರು ಗಂಟೆವರೆಗೂ ಈ ರೂಮಿಗೆ ಯಾರನ್ನೂ ಬಿಡ್ಬೇಡಿ. ಅಷ್ಟು ಮಾಡಿ ಸಾಕು."

ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಯಿಂದ ಅಂಥ ಮಾತು ಯಾರೂ ಕೇಳಿರಲಿಲ್ಲ. ಮ್ಯಾನೇಜರ್ ತಾನೇ ಬಾಗಿಲೆಳೆದುಕೊಂಡು ಹೋದ.

ಮಾವ ಗೇರನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. "ಹಲ್ಲು ಕಟ್ಟೋಣ. ಮನುಷ್ಯರಿಗೆ ಕಟ್ತಾರಂತೆ, ಇದಕ್ಕ್ಯಾಕಾಗ್ಬಾರ್ದು? ಆದ್ರೆ ಇದು ನನ್ನ ಕೈಯಲ್ಲಾಗೋ ಕೆಲಸ ಅಲ್ಲ. ನಾನು ಬಾಯಿ, ನೀನು ಕೈ."

"ಅಯ್ಯೋ, ನಂಗೆಲ್ಲಿ ಬರತ್ತೆ ಮಾವ?"

"ಇಷ್ಟು ವರ್ಷ ನನ್ನ ಹೆಗಲ ಹಿಂದೆ ಬಗ್ಗಿ ನಿಂತು ಏನ್ ನೋಡ್ತಿದ್ದೆ ಹಾಗಾದ್ರೆ? ನನ್ನ ಬೋಳು ತಲೆನಾ?"

ಅತ್ತ ದರಿ, ಇತ್ತ ಪುಲಿ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ಮೇಜಿನ ಖಾನೆಯಲ್ಲಿ ದಾಖಲೆ ಪುಸ್ತಕ ಹೊಲಿಯುವ ಸೂಜಿಗಳಿದ್ದವು, ಕರೆಂಟ್ ಹೋದಾಗಿನ ಮೇಣದ ಬತ್ತಿಯಿತ್ತು. ಮೊದಲು ಮಾವ ಮೇಣವನ್ನು ಮೆದುಮಾಡಿಸಿ ಅದರ ಮೇಲೆ ಗೇರಿನ ಗಟ್ಟಿ ಹಲ್ಲುಗಳನ್ನು ಒತ್ತಿಸಿದ. ಅಚ್ಚು ಬಿತ್ತು. "ಇದನ್ನ ಜೋಪಾನವಾಗಿಡು. ಹೊಸ ಹಲ್ಲು ಈ ಗುಳಿಯಲ್ಲಿ ಕೂರ್ಬೇಕು, ಕೂರ್ಲಿಲ್ಲ ಅಂದ್ರೆ ಅದು ಹಲ್ಲಲ್ಲ." ಆಮೇಲೆ ಸೂಜಿಯನ್ನು ಉರಿಯಲ್ಲಿ ಕಾಯಿಸಿ, ಇಕ್ಕಳದಲ್ಲಿ ಹಿಡಿದು, ಮುರಿದ ಹಲ್ಲಿನ ಬುಡಕ್ಕೆ ಮೆಲ್ಲಗೆ ಇಳಿಸಬೇಕು. ಒಂದೊಂದು ಹಲ್ಲಿಗೆ ಎರಡೆರಡು ಸೂಜಿ. ಮೊದಲನೆಯದನ್ನು ಅಕ್ಕ ಉಸಿರು ಬಿಗಿಹಿಡಿದು ಚುಚ್ಚಿದಳು. "ಉಸಿರು ಬಿಟ್ಮೇಲೆ ಚುಚ್ಚು, ಉಸಿರು ಹಿಡ್ಕೊಂಡು ಚುಚ್ಚಬೇಡ," ಎಂದ ಮಾವ. ಎರಡನೆಯದು ಬೆಣ್ಣೆಗೆ ಇಳಿದಂತೆ ಇಳಿಯಿತು. ಸೂಜಿಗಳ ಮೇಲ್ತುದಿ ಕತ್ತರಿಸಿ, ಎರಡು ಟ್ಯೂಬಿನ ಅಂಟನ್ನು ಕಡ್ಡಿಯಲ್ಲಿ ಕಲಸಿ, ಅದನ್ನು ಸೂಜಿಗಳ ಸುತ್ತ ಗುಪ್ಪೆಯಾಗಿ ಮೆತ್ತಿದಳು. ಟೇಬಲ್ ದೀಪದ ಕೆಳಗೆ ಗೇರನ್ನು ಇಟ್ಟು ಮಾವ ತಾಕೀತು ಮಾಡಿದ: "ಇಪ್ಪತ್ತು ನಿಮಿಷ. ಮುಟ್ಟಿದ್ರೆ ಕೈ ಮುರೀತೀನಿ."

ಗೋಡೆ ಗಡಿಯಾರ ಒಂದು ತೋರಿಸಿತು. ಅಕ್ಕನ ಕಾಲುಗಳು ಅಭ್ಯಾಸಬಲದಿಂದ ಬಾಗಿಲ ಕಡೆಗೇ ತಿರುಗಿದವು. ಅಂಟು ಒಣಗಿದ ಕೂಡಲೇ ಅರ ಹಿಡಿದು ಉಜ್ಜಬೇಕು, ಎಷ್ಟು ಹೊತ್ತು ಹಿಡಿಯುತ್ತದೋ ಯಾರು ಕಂಡವರು? ಅವಳು ಗಂಡನಿಗೆ ಫೋನ್ ಮಾಡಿದಳು.

"ರೀ, ಇವತ್ತು ಬರೋಕಾಗ್ತಿಲ್ಲ. ಪಕ್ಕದ ಮನೆಯವ್ರನ್ನ ಕೇಳ್ಲಾ?"

"ಅವ್ರು ಬೀಗ ಹಾಕ್ಕೊಂಡು ಹೋದ್ರು. ನಂಗೇನೂ ಹಸಿವಿಲ್ಲ ಬಿಡು. ನೀನು ಕೆಲಸ ನೋಡು."

"ಮೂರೂವರೆ ಆಗ್ಬಹುದು."

"ಆಗ್ಲಿ ಬಿಡೇ."

ಹಸಿವಿಲ್ಲವಂತೆ! ಬೆಳಿಗ್ಗೆ ಎಂಟಕ್ಕೆ ಎರಡು ತುಂಡು ರೊಟ್ಟಿ ತಿಂದ ಮನುಷ್ಯ. ಮಾವ ಕೇಳಿಸಿಕೊಂಡರೂ ಕೇಳದವನಂತೆ ತನ್ನ ಡಬ್ಬಿಯೊಳಗೆ ಏನೋ ಹುಡುಕುತ್ತಿದ್ದ.

ಮೂರು ಮೂಲೆಯ ಸಣ್ಣ ಅರದಲ್ಲಿ ಅವಳು ಹಲ್ಲನ್ನು ತೀಡಿದಳು. ಎರಡು ಸಲ ಉಜ್ಜುವುದು, ಮೇಣದ ಅಚ್ಚಿಗೆ ಇಟ್ಟು ನೋಡುವುದು. ಕೂರಲಿಲ್ಲ. ಮತ್ತೆ ಎರಡು ಸಲ. ಅವಳ ಮೂಗಿನ ತುದಿಯಿಂದ ಬೆವರಿನ ಹನಿ ಬಿದ್ದು ಮಾವನಿಂದ ಬೈಸಿಕೊಂಡಿದ್ದೂ ಆಯಿತು. ಎರಡು ಗಂಟೆ ಹೊಡೆಯುವ ಹೊತ್ತಿಗೆ ಎರಡೂ ಹಲ್ಲು ಗುಳಿಯೊಳಗೆ ಅಲುಗಾಡದೆ ಕೂತವು. ಗೇರನ್ನು ಹಿಂದುಮುಂದು ಮಾಡಿ ಹಾಕಿದಳು. ಸವೆದ ಪಕ್ಕ ಆಚೆಗೆ, ಸವೆಯದ ಪಕ್ಕ ಈಚೆಗೆ. ಅದು ಮಾವನ ಉಪಾಯ. ಕ್ಲಿಪ್ಪು ಸಿಕ್ಕಿಸಿ, ಸ್ಕ್ರೂ ಬಿಗಿದು, ಸ್ವಿಚ್ ಹಾಕಿದಳು. ಟಕ್ ಟಕ್ ಇಲ್ಲ. ಮಾವ ಪಕ್ಕೆಗೆ ಕಿವಿಯಿಟ್ಟು ತಲೆದೂಗಿದ.

ಮೊದಲ ಹಾಳೆ ಸರ್ರನೆ ಬಂತು. ಅರ್ಧ ಹೊರಗೆ ಬಂದು ಎಡಮೂಲೆ ಮಡಚಿಕೊಂಡು ನಿಂತುಬಿಟ್ಟಿತು.

ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಇಬ್ಬರೂ ಗೇರ್ ಮತ್ತೆ ಬಿಚ್ಚಿದರು, ಮತ್ತೆ ಅಚ್ಚಿಗೆ ಹಿಡಿದು ನೋಡಿದರು, ಮತ್ತೆ ಹಾಕಿದರು. ಅದರಲ್ಲೇ ಇಪ್ಪತ್ತು ನಿಮಿಷ ಹಾಳಾಯಿತು. "ಗೇರಲ್ಲಿ ತಪ್ಪಿಲ್ಲ," ಎಂದ ಮಾವ, ಸೋತ ದನಿಯಲ್ಲಿ. "ರೋಲರ್ ನೆಟ್ಟಗೆ ಎಳೀತಿದೆ, ಹೊಸಾದಾಗ ಎಳೀತಿದ್ದ ಹಾಗೇ. ಆದ್ರೂ ಎಡಗಡೆ ಏನೋ ತಡೀತಿದೆ. ಏನಂತ ಗೊತ್ತಾಗ್ತಿಲ್ಲ ತಾಯಿ."

ಎಡಗಡೆ ಅಂದದ್ದೇ ತಡ, ಅಕ್ಕ ನಾಲಿಗೆ ಕಚ್ಚಿಕೊಂಡಳು. ನಾಲ್ಕು ವರ್ಷದ ಹಿಂದೆ ಗೇರ್ ಸವೆಯತೊಡಗಿ ಹಾಳೆ ಎಡಕ್ಕೆ ವಾಲುತ್ತಿದ್ದಾಗ, ಅದನ್ನು ಬಲಕ್ಕೆ ತಳ್ಳಲೆಂದು ಅವಳೇ ಅಲ್ಲೊಂದು ರಟ್ಟು ಅಂಟಿಸಿದ್ದಳು. ಈಗ ಹಾಳೆ ನೆಟ್ಟಗೆ ಬರುತ್ತಿದೆ, ರಟ್ಟು ಅಡ್ಡ ಕೂತಿದೆ. ಹೇಳಿದರೆ ಮಾವ ಉಗಿದು ಉಪ್ಪಿನಕಾಯಿ ಹಾಕುತ್ತಾನೆ. ಹೇಳದಿದ್ದರೆ ಉಗ್ರಾಣ.

"ಮಾವ, ಬೈಬಾರ್ದು."

"ಬೈಯೋ ಅಂಥದ್ದೇನ್ ಮಾಡಿದ್ದೀಯ?"

"ಅಲ್ಲೊಂದು ರಟ್ಟಿದೆ. ಚಿಕ್ಕದು."

ಮಾವ ಚಿಮುಟ ಕೈಗೆ ಕೊಟ್ಟ. ಅಕ್ಕ ಅದನ್ನು ಕಿತ್ತು ಮೇಜಿನ ಮೇಲಿಟ್ಟಳು.

"ಇಷ್ಟೇನಾ?"

"ಇನ್ನೊಂದು. ಕಾಗದದ ತಟ್ಟೆ ಪಕ್ಕದಲ್ಲಿ."

"ಆಮೇಲೆ?"

"ಬಾಗಿಲ ಕೊಂಡಿ ಹಿಂದೆ."

"ಆಮೇಲೆ?"

"ಮಸಿ ಡಬ್ಬಿ ಕೆಳಗೆ. ಗಾಜಿನ ಮುಚ್ಚಳದ ಕೀಲಿನಲ್ಲಿ. ಆಮೇಲೆ, ಈ ಪಕ್ಕದ ಮುಚ್ಚಳ ಗಡಗಡ ಅಂತಿತ್ತಲ್ಲ, ಅಲ್ಲೊಂದು."

ಮೇಜಿನ ಮೇಲೆ ಆರು ರಟ್ಟು ಸಾಲಾಗಿ ಕೂತವು. ಮಾವ ತಲೆ ಮೇಲೆ ಕೈ ಹೊತ್ತುಕೊಂಡ. "ಇದೇನು ಮೆಷಿನ್ನಾ, ರಟ್ಟಿನ ಅಂಗಡಿನಾ? ಒಂದು ಓರೆ ಆಯ್ತು ಅಂತ ಇನ್ನೊಂದು ಓರೆ, ಅದಕ್ಕೆ ಮತ್ತೊಂದು ಓರೆ! ನಾನಿಲ್ಲಿ ಗಂಟೆಗಟ್ಲೆ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಹುಡುಕ್ತಿದ್ರೆ, ಕಳ್ಳಿ ಪಕ್ಕದಲ್ಲೇ ಕೂತಿದ್ದಾಳೆ! ಇನ್ನೂ ಉಂಟಾ?"

"ಹಿಂದಿನ ಕಾಲಿನ ಕೆಳಗೆ ಒಂದು. ಅದನ್ನ ಮಾತ್ರ ತೆಗೆಯಲ್ಲ ಮಾವ. ನೆಲ ಡೊಂಕಿದೆ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

ಅಕ್ಕ ಪೆನ್ಸಿಲೊಂದನ್ನು ನೆಲದ ಮೇಲಿಟ್ಟು ಬಿಟ್ಟಳು. ಅದು ಉರುಳುತ್ತಾ ಉರುಳುತ್ತಾ ಹೋಗಿ ಕಿಟಕಿಯ ಕೆಳಗಿನ ಗೋಡೆಗೆ ಬಡಿಯಿತು. ಮಾವ ಅದನ್ನೇ ನೋಡುತ್ತಾ ನಿಂತು, "ಸರಿ, ಅದೊಂದಿರ್ಲಿ," ಎಂದು ನಕ್ಕುಬಿಟ್ಟ. ಬೆಳಿಗ್ಗೆಯಿಂದ ಅಕ್ಕನೂ ಅದೇ ಮೊದಲು ನಕ್ಕಿದ್ದು. ಮತ್ತೆ ಸ್ವಿಚ್ ಹಾಕಿದಳು. ಹಾಳೆ ನೆಟ್ಟಗೆ ಬಂದು ತಟ್ಟೆಗೆ ಬಿತ್ತು. ಇನ್ನೊಂದು, ಮತ್ತೊಂದು. ಐದು ಹಾಳೆಗೆ ಮಾವ ಸಾಕೆಂದ. "ಮಿಕ್ಕಿದ ಉಸಿರು ಪರೀಕ್ಷೆಗಿರ್ಲಿ." ಆಗ ಮೂರಕ್ಕೆ ಹತ್ತು ನಿಮಿಷವಿತ್ತು.

ಪರೀಕ್ಷೆಗೆ ಬಂದಾಕೆ ಎತ್ತರದ ಹೆಂಗಸು, ಮಾತು ಕಮ್ಮಿ. ಕೂರಿ ಅಂದರೂ ಕೂರಲಿಲ್ಲ. "ಐವತ್ತು. ಶುರು ಮಾಡಿ," ಎಂದಳು. ಅಕ್ಕ ಗುಂಡಿ ಒತ್ತಿದಳು. ಮ್ಯಾನೇಜರ್ ಬಾಗಿಲಲ್ಲಿ, ಮಾವ ಮೂಲೆಯಲ್ಲಿ, ಅಕ್ಕನ ಕಣ್ಣು ತಟ್ಟೆಯ ಮೇಲೆ. ಹತ್ತು. ಹದಿನೈದು. ಇಪ್ಪತ್ತು. ಇಪ್ಪತ್ತೆರಡಕ್ಕೆ ಒಳಗಿನಿಂದ ಕೀಚ್ ಎಂದು ಒಂದು ಸದ್ದು ಬಂತು, ಅಕ್ಕ ತಿರುಗಿ ಮಾವನನ್ನು ನೋಡಿದಳು. ಮಾವ ಕಣ್ಣಲ್ಲೇ ಏನಿಲ್ಲವೆಂದ; ಹೊಸ ಹಲ್ಲು ಪಳಗುವಾಗ ಅಷ್ಟು ಕೂಗುತ್ತದೆ. ಮೂವತ್ತು. ನಲವತ್ತು. ಐವತ್ತನೆಯ ಹಾಳೆ ಬಿದ್ದು ಮೆಷಿನ್ ತಾನಾಗಿ ನಿಂತಿತು. ಆಕೆ ಕಟ್ಟನ್ನು ಎತ್ತಿ ಮೂಲೆಗಳನ್ನು ಬೆರಳಲ್ಲಿ ಫರ್ರನೆ ಹಾಯಿಸಿದಳು. ಆಮೇಲೆ ಕಪಾಟಿನಿಂದ ಅತಿ ದಪ್ಪದ ದಾಖಲೆ ಪುಸ್ತಕವೊಂದನ್ನು ತಾನೇ ಎಳೆದು ತಂದು ಗಾಜಿನ ಮೇಲೆ ಮಲಗಿಸಿ, ಒಂದು ಕಾಪಿ ತೆಗೆಸಿದಳು. ಅಕ್ಷರಗಳು ಕರ್ರಗೆ, ಅಂಚಿನವರೆಗೂ ಬಂದಿದ್ದವು.

"ಇದನ್ನ ಯಾರ್ರೀ ಗುಜರಿಗೆ ಹಾಕ್ತಾರೆ?" ಎಂದವಳೇ ಸಹಿ ಹಾಕಿದಳು. "ಮುಂದಿನ ಪರೀಕ್ಷೆ ಮೂರು ವರ್ಷಕ್ಕೆ."

ಹೋದ ಜೀವ ಬಂತು. ಅಕ್ಕ ಅಲ್ಲೇ ಇದ್ದ ಕಾಗದದ ಬಂಡಲಿನ ಮೇಲೆ ಕುಸಿದು ಕೂತಳು. ಸಂತೋಷವಾದರೆ ಹೀಗೆ ಸುಸ್ತಾಗುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಮಾವನ ಎರಡೂ ಕೈ ಹಿಡಿದುಕೊಂಡಳು. ಅವು ತಮ್ಮ ಪಾಡಿಗೆ ನಡುಗುತ್ತಿದ್ದವು.

"ನನ್ ಕೆಲಸ ಮುಗೀತು ಅಂದ್ಕೊಂಡಿದ್ದೆ ಕಣಮ್ಮಾ," ಎಂದ ಮುದುಕ. "ಇವತ್ತು ಸತ್ಯವಾಗ್ಲೂ ಖುಷಿಯಾಯ್ತು. ಈಗ ಓಡು, ಅವನು ಹಸ್ಕೊಂಡಿರ್ತಾನೆ."

ಮ್ಯಾನೇಜರ್ ಬೇಡವೆನ್ನಲಿಲ್ಲ. ಮೂರೂ ಇಪ್ಪತ್ತಕ್ಕೆ ಅಕ್ಕ ಬೀದಿಗೆ ಬಿದ್ದಳು. ಏಳು ನಿಮಿಷದ ದಾರಿಯನ್ನು ಐದರಲ್ಲಿ ಮುಗಿಸಿ, ಏದುಸಿರು ಬಿಡುತ್ತಾ ಬಾಗಿಲು ತಳ್ಳಿದಳು.

ಗಂಡ ಮೇಜಿನ ಮುಂದೆ ಕೂತಿದ್ದ. ಊಟದ ಡಬ್ಬಿ ತೆರೆದಿತ್ತು. ಅವನ ಮುಂದಿನ ತಟ್ಟೆ ಖಾಲಿ, ಅಂಗಿಯ ಮೇಲೆ ಮೂರು ಅಗುಳು, ಮೇಜಿನ ಮೇಲೆ ಚೆಲ್ಲಿದ್ದನ್ನು ಒರೆಸಿದ ಗುರುತು. ಪಕ್ಕದಲ್ಲಿ ಇನ್ನೊಂದು ತಟ್ಟೆಗೆ ಅವಳ ಪಾಲು ಹಾಕಿ ಮುಚ್ಚಿಟ್ಟಿತ್ತು.

"ಯಾರ್ ಬಂದಿದ್ರು?"

"ಯಾರೂ ಇಲ್ಲ."

"ಮತ್ತೆ ತಿನ್ನಿಸಿದ್ಯಾರು?"

ಅವನು ಎಡಗೈಯ ಚಮಚ ಎತ್ತಿ ತೋರಿಸಿದ. ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗನ ಮುಖವಾಗಿತ್ತು ಅದು.

"ಎಷ್ಟು ದಿನದಿಂದ ಬರತ್ತೆ ಇದು?"

"ಒಂದು ಆರು ತಿಂಗಳಿಂದ."

"ಆರು ತಿ…" ಅಕ್ಕನಿಗೆ ನೆತ್ತಿಗೇರಿತು. "ದಿನಾ ಬಿದ್ದೂ ಎದ್ದೂ ಓಡಿ ಬರ್ತಿದ್ನಲ್ರೀ! ಬಾಯಿ ಬಿಡೋಕೇನಾಗಿತ್ತು ನಿಮ್ಗೆ?"

"ಬಿಡ್ತಿದ್ನಲ್ಲ, ತುತ್ತು ಕೊಟ್ಟಾಗ."

"ತಮಾಷೆ ಬೇರೆ!"

ಅವನು ಚಮಚವನ್ನು ತಟ್ಟೆಯಲ್ಲಿಟ್ಟ. "ಹೇಳಿದ್ರೆ ಮಧ್ಯಾಹ್ನ ಬರೋದು ನಿಲ್ಲಿಸ್ತೀಯ ಅಂತ ಹೇಳ್ಲಿಲ್ಲ ಕಣೇ. ಒಂಬತ್ತಕ್ಕೆ ಹೋದ್ರೆ ಆರಕ್ಕೆ ಬರ್ತೀಯ. ನಡುವೆ ಆ ಕಾಲು ಗಂಟೆಗೆ ಅಂತ ಕಾಯ್ತಾ ಕೂತಿರ್ತೀನಿ." ಅಂಗಿಯ ಮೇಲಿನ ಅಗುಳನ್ನು ಆರಿಸುತ್ತಾ ಹೇಳಿದ, "ಉಗ್ರಾಣದ ವಿಷಯ ಬಂದ್ಮೇಲೆ ಹೇಳೇಬೇಕು ಅಂದ್ಕೊಂಡೆ. ನೀನು ಚಿಂತೆ ಇಲ್ದೆ ಹೋಗ್ಲಿ ಅಂತ. ಏನಾಯ್ತು ಪರೀಕ್ಷೆ?"

ಅಕ್ಕನ ಸಿಟ್ಟು ಬಂದಷ್ಟೇ ಬೇಗ ಇಳಿದುಹೋಯಿತು. ಅಳು ಬಂತು, ಅದನ್ನವಳು ತಡೆಯಲೂ ಹೋಗಲಿಲ್ಲ. ಪರೀಕ್ಷೆಯ ಭಯ, ಹಸಿದಿದ್ದಾನೆಂಬ ಸಂಕಟ, ಎರಡು ವರ್ಷದ ಓಟ, ಎಲ್ಲ ಸೇರಿ ಬಂದ ಅಳು.

"ಪಾಸು," ಎಂದಳು ಮೂಗು ಒರೆಸಿಕೊಳ್ಳುತ್ತಾ. "ಉಗ್ರಾಣ ಇಲ್ಲ, ಏನೂ ಇಲ್ಲ. ಮೂರು ವರ್ಷ ಇಲ್ಲೇ."

ಅವನು ಕಣ್ಣು ಮುಚ್ಚಿ ದೊಡ್ಡದೊಂದು ಉಸಿರು ಬಿಟ್ಟ. "ಹಾಗಾದ್ರೆ ಇನ್ಮೇಲೆ ಮಧ್ಯಾಹ್ನ…"

"ಬರ್ತೀನಿ. ಒಂದು ಗಂಟೆಗೇ ಬರ್ತೀನಿ. ಆದ್ರೆ ನಿಮ್ಮ ಪಾಡಿಗೆ ನೀವು ತಿನ್ನಿ, ನನ್ ಪಾಡಿಗೆ ನಾನು ತಿಂತೀನಿ."

ಕುರ್ಚಿ ಎಳೆದುಕೊಂಡು ಕೂತು ಮುಚ್ಚಿಟ್ಟ ತಟ್ಟೆ ತೆರೆದಳು. ಊಟ ಆರಿ ತಣ್ಣಗಾಗಿತ್ತು. ಅವನು ನೀರಿನ ಲೋಟವನ್ನು ಎಡಗೈಯಿಂದ ಅವಳ ಕಡೆಗೆ ತಳ್ಳಿ, ಬೆಳಿಗ್ಗೆಯಿಂದ ಏನೇನಾಯಿತು, ಎಲ್ಲ ಹೇಳು ಎಂದ. ಎರಡು ವರ್ಷದಲ್ಲಿ ಮೊದಲ ಸಲ ಅಕ್ಕ ಗಡಿಯಾರ ನೋಡದೆ ಉಂಡಳು.